ಹಳದಿ ಬೂಟಿನವನಿಗೆ ಕೊಟ್ಟ ಎಲೆ ಅಡಿಕೆ

ಕೌಲ್ ಬಜಾರ್, ಬಳ್ಳಾರಿ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ ನೋಡಿದೆವು, ದೊಡ್ಡ ಗಡಿಯಾರ ನೋಡಿದೆವು ಎನ್ನುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ಎರಡು ತಿಂಗಳಲ್ಲಿ ನಾನು ನೋಡಿದ್ದು ಒಂದು ಅಡುಗೆಮನೆ, ವೀಳ್ಯದೆಲೆ ಸಿಗುವ ಒಂದು ಅಂಗಡಿ, ಒಂದು ಫುಟ್‌ಬಾಲ್ ಮೈದಾನ. ಅಷ್ಟನ್ನೇ ಬರೆಯುತ್ತೇನೆ. ಕುರುಗೋಡಿನ ಸಾಲೆಯಲ್ಲಿ ನಾಲ್ಕನೆಯ ಕ್ಲಾಸಿನ ತನಕ ಕಲಿತವಳು. ನೋಡದ್ದನ್ನು ಬರೆಯುವಷ್ಟು ವಿದ್ಯೆ ನನಗೆ ಹತ್ತಲಿಲ್ಲ.

ಹೆಸರು ಹುಲಿಗೆಮ್ಮ. ಹುಟ್ಟಿದ್ದು ಕುರುಗೋಡು, ಕೊಟ್ಟದ್ದು ಸಿರುಗುಪ್ಪಕ್ಕೆ. ಅಲ್ಲಿ ಕಾಲುವೆ ನೀರಿನ ಗದ್ದೆಗಳಲ್ಲಿ ನೆಲ್ಲು ಹಚ್ಚುವ ಹೆಂಗಸರ ಗುಂಪಿಗೆ ಮೂವತ್ತಾರು ವರ್ಷ ನಾನೇ ಮೇಸ್ತ್ರಿ. ಹದಿನೆಂಟು ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಬಗ್ಗಿಸಿ, ಸಸಿ ನೆಡಿಸುತ್ತ ಹಿಂದಕ್ಕೆ ನಡೆಸಿದವಳು. ಸೊಂಟ ಕೈಕೊಟ್ಟ ಮೇಲೆ, ಎರಡು ವರ್ಷದ ಹಿಂದೆ, ಬಿಟ್ಟು ಬಳ್ಳಾರಿಗೆ ಬಂದು ಕೌಲ್ ಬಜಾರಿನಲ್ಲಿ ಮಗಳ ಮನೆ ಸೇರಿದೆ.

ಮಗಳ ಮಗಳು ರೇಣುಕಾ ಇಂಗ್ಲೆಂಡಿನ ಒಂದು ಊರಿನಲ್ಲಿ ನರ್ಸು. ಏಪ್ರಿಲ್ ತಿಂಗಳಲ್ಲಿ ಬಸ್ಸಿನಿಂದ ಇಳಿಯುವಾಗ ಜಾರಿ ಕಾಲು ಮುರಿದುಕೊಂಡಳು. ಊರ ಮಂದಿಯನ್ನೆಲ್ಲ ಎತ್ತಿ ಕೂರಿಸುವವಳಿಗೆ ಒಂದು ಲೋಟ ನೀರು ಕೊಡುವವರಿಲ್ಲ. ಅವಳ ತಾಯಿಗೆ ಅಂಗನವಾಡಿಯಲ್ಲಿ ರಜೆ ಸಿಗಲಿಲ್ಲ. ಪಾಸ್‌ಪೋರ್ಟು, ವೀಸಾ ಹಿಂದಿನ ವರ್ಷವೇ ರೇಣುಕಾ ಹಟ ಹಿಡಿದು ಮಾಡಿಸಿದ್ದಳು. ಹೀಗಾಗಿ ಮನೆಯಲ್ಲಿ ಕೆಲಸವಿಲ್ಲದ ಒಬ್ಬಳೇ ಒಬ್ಬಳು, ಅಂದರೆ ನಾನು, ವಿಮಾನ ಹತ್ತಿದೆ.

ವಿಮಾನ ನಿಲ್ದಾಣ

ಹತ್ತುವ ಮುಂಚೆಯೇ ನನ್ನ ಅಡಕತ್ತರಿಯನ್ನು ಕಿತ್ತುಕೊಂಡರು. ಅತ್ತೆಯ ಕಾಲದ್ದು. "ಇದರಿಂದ ವಿಮಾನ ಕತ್ತರಿಸಾಕ ಆಗತೈತೇನವ್ವ?" ಎಂದೆ. ಆ ಹುಡುಗಿ ನಗಲೂ ಇಲ್ಲ, ಕೊಡಲೂ ಇಲ್ಲ.

ಇಳಿದ ಮೇಲೆ ಆ ಕಡೆಯವರು ಸುಣ್ಣದ ಡಬ್ಬಿಯನ್ನು ಹಿಡಿದುಕೊಂಡರು. ಬಿಳಿ ಪುಡಿ, ಬಿಳಿ ಮುದ್ದೆ ಎಂದರೆ ಅವರಿಗೆ ಬೇರೆಯೇ ಅನುಮಾನವಂತೆ. ಏನು ಎಂದು ಹೇಳಲು ನನಗೆ ಮಾತು ಬಾರದು. ಎಲೆಯೊಂದನ್ನು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು, ಅವರೆದುರೇ ಬಾಯಿಗೆ ಹಾಕಿಕೊಂಡೆ. ನಾನು ಬೀಳುತ್ತೇನೆ ಎಂದು ಮೂವರು ಸ್ವಲ್ಪ ಹೊತ್ತು ಕಾದರು. ಬೀಳಲಿಲ್ಲ. ಅಡಿಕೆ, ಸುಣ್ಣ ವಾಪಸ್ಸು ಕೊಟ್ಟು ಎಲೆಗಳನ್ನು ಮಾತ್ರ ಕಸಕ್ಕೆ ಹಾಕಿದರು. ಬಾಯಲ್ಲಿದ್ದುದನ್ನು ಉಗುಳಲು ಜಾಗ ಹುಡುಕಿದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಮೂಲೆಯೂ ಕೊಳೆಯಾಗಿರಲಿಲ್ಲ. ನುಂಗಿದೆ. ಎರಡು ತಿಂಗಳೂ ನುಂಗಿದೆ.

ಅರ್ತಪ್ಪನ ಅಡುಗೆಮನೆ

ಊರಿನ ಹೆಸರು ಬರೆಯುವುದಿಲ್ಲ. ಬರೆಯಬೇಡ ಎಂದು ಆರ್ಥರ್ ಮಾತು ತೆಗೆದುಕೊಂಡಿದ್ದಾನೆ. ಸೋತವರ ಊರನ್ನು ಬಳ್ಳಾರಿ ತನಕ ಯಾಕೆ ಸಾರಬೇಕು ಎಂದು.

ಆರ್ಥರ್ ಅಂದರೆ ರೇಣುಕಾ ಬಾಡಿಗೆಗಿದ್ದ ಮನೆಯ ಯಜಮಾನ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಮೊದಲು ಬಸ್ಸು ಓಡಿಸುತ್ತಿದ್ದ, ಈಗ ಕೆಳಗಿನ ಮನೆಯಲ್ಲಿ ತಾನು, ಮಹಡಿಯಲ್ಲಿ ರೇಣುಕಾ. ನನಗಿಂತ ಎರಡು ವರ್ಷಕ್ಕೆ ಸಣ್ಣವನು, ಆದ್ದರಿಂದ ಏಕವಚನ. ಆರ್ಥರ್ ಎನ್ನಲು ನನ್ನ ಬಾಯಿ ತಿರುಗದು. ಅರ್ತಪ್ಪ ಎಂದೆ. ಅವನೂ ಓಗೊಟ್ಟ. ಅವನು ಏನೇ ಅಂದರೂ ನನ್ನ ಕಿವಿಗೆ ಬಂದದ್ದು ರೇಣುಕಾಳ ಬಳ್ಳಾರಿ ಮಾತಿನಲ್ಲಿ. ಹಾಗೆಯೇ ಬರೆಯುತ್ತೇನೆ. ಓದುವವರು ಅವನು ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿದ ಹಾಗೆ ತಿಳಿಯಬೇಕು.

ಹೋದ ಮರುದಿನವೇ ಅಡುಗೆಮನೆಯ ಗೋಡೆಯಲ್ಲಿ ಒಂದು ಕಾಗದ ಕಂಡೆ. ಹನ್ನೊಂದು ಹೆಸರು, ಹನ್ನೊಂದಕ್ಕೂ ಅಡ್ಡಗೆರೆ.

"ಯಾರಿವರು? ಸತ್ತೋರೇನು?" ಎಂದು ಕೇಳಿದೆ.

ರೇಣುಕಾ ಅವನಿಗೆ ಹೇಳಿದಳು. ಅವನು ಪ್ಲೇಟು ಒರೆಸುತ್ತಲೇ ಉತ್ತರ ಕೊಟ್ಟ. ಅವಳು ನಗು ತಡೆದುಕೊಂಡು ನನಗೆ ದಾಟಿಸಿದಳು: "ಸತ್ತಿದ್ರ ಚಲೋ ಆಗ್ತಿತ್ತಂತ. ಇವ್ರು ಊರಿನ ಟೀಮ್‌ನವ್ರು."

ವರ್ಷದ ಆಟ ಮುಗಿಯುವುದಕ್ಕೆ ಒಂದೇ ಆಟ ಉಳಿದಿತ್ತಂತೆ. ಗೆದ್ದರೆ ಇದ್ದಲ್ಲೇ ಇರುತ್ತಾರೆ, ಇಲ್ಲವಾದರೆ ಕೆಳಗಿನ ದರ್ಜೆಗೆ ಇಳಿಯುತ್ತಾರೆ. ಅರ್ತಪ್ಪ ದಿನಾ ಬೆಳಿಗ್ಗೆ ಚಹಾ ಇಟ್ಟುಕೊಂಡು ಆ ಕಾಗದದ ಮುಂದೆ ಕೂರುತ್ತಿದ್ದ. ಇವನನ್ನು ಓಡಿಸಬೇಕು, ಅವನನ್ನು ಮಾರಬೇಕು, ಎಡಗಾಲಿನವನೊಬ್ಬನನ್ನು ತರಬೇಕು. ಪಕ್ಕದ ಊರಿನಲ್ಲಿ ಒಬ್ಬ ಇದ್ದಾನಂತೆ, ಎತ್ತರ ಇಷ್ಟು, ವಯಸ್ಸು ಇಷ್ಟು, ಹಿಂದಿನ ತಂಡದವರು ಯಾಕೆ ಬಿಟ್ಟರೋ ವಿಚಾರಿಸಬೇಕು. ಮಗಳಿಗೆ ಗಂಡು ಹುಡುಕುವ ಅಪ್ಪನೂ ಇಷ್ಟು ವಿಚಾರಿಸುವುದಿಲ್ಲ. ಕೇಳಿದರೆ ಹೋದ ವರ್ಷವೂ ಇದೇ ತರಹ ಹುಡುಕಿದ್ದನಂತೆ, ಅದರ ಹಿಂದಿನ ವರ್ಷವೂ. ಇವನು ಹುಡುಕಿದ ಒಬ್ಬನೇ ಒಬ್ಬನೂ ಬಂದಿಲ್ಲ.

ಎಲ್ಲರಿಗಿಂತ ಹೆಚ್ಚು ಬೈಗುಳ ಒಬ್ಬನಿಗೆ. ಮುಂದೆ ನಿಂತು ಗೋಲು ಹೊಡೆಯಬೇಕಾದವನು. ಅವನ ಹೆಸರಿಗೆ ಒಂದಲ್ಲ, ಮೂರು ಅಡ್ಡಗೆರೆ. ಹಳದಿ ಬೂಟು ಹಾಕುತ್ತಾನೆ ಎಂಬುದೂ ಅರ್ತಪ್ಪನ ಕಣ್ಣಿನಲ್ಲಿ ಒಂದು ಅಪರಾಧವೇ.

ನನಗೆ ಚೆಂಡಿನ ಮೇಲೆ ಏನೂ ಪ್ರೀತಿ ಇರಲಿಲ್ಲ. ಆದರೆ ಮೂರನೆಯ ದಿನ ರೇಣುಕಾ ಇನ್ನೊಂದು ಕಾಗದ ತೋರಿಸಿದಳು. ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಮೈದಾನದಲ್ಲಿ ಅರ್ತಪ್ಪನಿಗೆ ಒಂದು ಕಾಯಂ ಸೀಟು, ನಲವತ್ತೆಂಟು ವರ್ಷದಿಂದ ಅದೇ ಸೀಟು. ವರ್ಷಕ್ಕೊಮ್ಮೆ ಸಹಿ ಹಾಕಿ ಕೊಟ್ಟರೆ ಮುಂದಿನ ವರ್ಷಕ್ಕೂ ಅವನದೇ. ಈ ಸಲ ಸಹಿ ಹಾಕಿರಲಿಲ್ಲ.

"ಟೀಮ್ ಇಳೀತಂದ್ರ ಸೀಟ್ ಬಿಡ್ತಾನಂತ ಅಜ್ಜಿ. ಸೀಟ್ ಬಿಟ್ಟ ಮ್ಯಾಲ ಈ ಊರಾಗ ಏನೈತಿ ಅಂತ ಮನಿ ಮಾರಿ ಸಮುದ್ರದ ಕಡಿ ತಂಗಿ ಹತ್ರ ಹೊಕ್ಕಾನಂತ."

"ಹೋಗಲಿ ಬಿಡು. ನಿನಗೇನು?"

"ನಾ ಎಲ್ಲಿರ್ಲಿ? ಈ ಊರಾಗ ಬಾಡಿಗಿ ಮನಿ ಹುಡುಕಾಕ ನನಗ ಎಂಟು ತಿಂಗ್ಳು ಹಿಡಿದೈತಿ. ಈಗ ಕುಂಟಗಾಲಾಗ ಹುಡುಕ್ಲೇನು?"

ಅಂದಿನಿಂದ ನಾನು ಆ ತಂಡದ ಅಭಿಮಾನಿ.

ಎಲೆ ಸಿಗುವ ಅಂಗಡಿ

ಎಲೆ ಇಲ್ಲದೆ ನನಗೆ ತಲೆ ಓಡುವುದಿಲ್ಲ. ಎರಡು ಬೀದಿ ಆಚೆ ಹೈದರಾಬಾದಿನವನೊಬ್ಬನ ಅಂಗಡಿ ಇತ್ತು. ಕೌಲ್ ಬಜಾರಿನ ಉರ್ದು ಅಲ್ಲಿ ಸರಾಗವಾಗಿ ನಡೆಯಿತು. "ಕ್ಯಾ ಅಮ್ಮಾ, ಬಳ್ಳಾರಿ ಸೇ?" ಎಂದು ಒಳಗಿನಿಂದ ಎಲೆ ಕಟ್ಟು ತಂದುಕೊಟ್ಟ. ಎಲೆ ಸ್ವಲ್ಪ ಬಾಡಿತ್ತು. ನಾನೂ ಬಾಡಿದ್ದೆ, ಹೊಂದಿಕೊಂಡೆವು. ಅಡಿಕೆ ಒಡೆಯಲು ಅರ್ತಪ್ಪ ತನ್ನ ಸಾಮಾನಿನ ಪೆಟ್ಟಿಗೆಯಿಂದ ಇಕ್ಕಳ ತೆಗೆದುಕೊಟ್ಟ. ಪೈಪು ಬಿಗಿಯುವ ಇಕ್ಕಳ. ಅಡಿಕೆಗೆ ಸ್ವಲ್ಪ ಗ್ರೀಸಿನ ವಾಸನೆ ಬಂತು, ತಿಂದೆ.

ಹಾಗೆ ಅಡಿಕೆ ಒಡೆಯುತ್ತ ಕೂತಾಗ ಅವನಿಗೆ ನಮ್ಮ ಪದ್ಧತಿ ಹೇಳಿದೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ನಾವು ಗೋಡೆಗೆ ಕಾಗದ ಅಂಟಿಸುವುದಿಲ್ಲ. ನೆಲ್ಲು ಹಚ್ಚುವುದು ಮುಗಿದ ದಿನ ಮೇಸ್ತ್ರಿ ಬದುವಿನ ಮೇಲೆ ನಿಲ್ಲುತ್ತಾಳೆ. ಮುಂದಿನ ವರ್ಷಕ್ಕೆ ಯಾರು ಬೇಕೋ ಅವರಿಗೆ ಒಂದು ಎಲೆ, ಎರಡು ಅಡಿಕೆ ಕೊಡುತ್ತಾಳೆ. ಬಲಗೈಯಲ್ಲಿ ತೆಗೆದುಕೊಂಡರೆ ಮುಗಿಯಿತು. ಮಗಳ ಬಾಣಂತನ ಬರಲಿ, ಬೇರೆ ಮೇಸ್ತ್ರಿ ಕರೆಯಲಿ, ಅವಳು ನನ್ನ ಗುಂಪಿನವಳು. ಕೊಟ್ಟ ಎಲೆ ತಿರುಗಿ ಪಡೆಯುವಂತಿಲ್ಲ, ತಗೊಂಡ ಎಲೆ ತಿರುಗಿ ಕೊಡುವಂತಿಲ್ಲ.

ಅರ್ತಪ್ಪನ ಕಣ್ಣು ಅಗಲವಾಯಿತು. "ಒಂದ ಎಲಿಗೆ ಒಂದ ವರ್ಷಾನಾ? ವಕೀಲ ಬ್ಯಾಡ, ದಲ್ಲಾಳಿ ಬ್ಯಾಡ?"

"ಬ್ಯಾಡ."

"ತಪ್ಪಿದವ್ರು ಯಾರೂ ಇಲ್ಲಾ?"

"ಒಬ್ಬಾಕಿನೂ ಇಲ್ಲ."

ಅವನು ತಲೆ ಅಲ್ಲಾಡಿಸಿದ. ನಾನು ಹುರುಪಿನಿಂದ ಇನ್ನೂ ಹೇಳಿದೆ. ಹದಿನೆಂಟು ಮಂದಿಯನ್ನೂ ಒಮ್ಮೆಲೇ ಓಡಿಸುವ ಮೇಸ್ತ್ರಿ ಮರುವರ್ಷ ತಾನೊಬ್ಬಳೇ ಬಗ್ಗಬೇಕಾಗುತ್ತದೆ. ನಿಧಾನದವಳನ್ನು ಇಬ್ಬರು ಚುರುಕಿನವರ ನಡುವೆ ನಿಲ್ಲಿಸಬೇಕು. ನೆಗೆಣ್ಣಿಯರನ್ನು ಎಂದೂ ಅಕ್ಕಪಕ್ಕ ನಿಲ್ಲಿಸಬಾರದು. ಅರ್ತಪ್ಪ ಕನ್ನಡಕ ಹಾಕಿ ಕಾಗದ ನೋಡಿದ. ನಡುವೆ ಆಡುವ ಇಬ್ಬರಿದ್ದಾರಂತೆ, ಒಬ್ಬನ ತಂಗಿಯನ್ನು ಇನ್ನೊಬ್ಬ ಮದುವೆಯಾಗಿ ಆಮೇಲೆ ಕೈಬಿಟ್ಟಿದ್ದಾನಂತೆ, ಅಂದಿನಿಂದ ಒಬ್ಬರಿಗೊಬ್ಬರು ಚೆಂಡು ಕೊಡುವುದಿಲ್ಲವಂತೆ. "ಇದನ್ನ ನಮ್ಮ ಕೋಚ್‌ಗೆ ಯಾರೂ ಹೇಳಿಲ್ಲ ನೋಡು," ಎಂದ.

ಮರ್ಯಾದೆಗೆ ಅವನಿಗೂ ಒಂದು ಎಲೆ ಚಾಚಿದೆ. ಕೈ ಹಿಂದಕ್ಕೆ ಎಳೆದುಕೊಂಡ. "ನಾ ಇನ್ನಾ ನಿರ್ಧಾರ ಮಾಡಿಲ್ಲ" ಅಂದನಂತೆ. ಅಷ್ಟು ನಂಬಿದ್ದ.

ಶನಿವಾರ, ಮೈದಾನ

ರೇಣುಕಾ ಎರಡು ಊರುಗೋಲು, ನಾನು ಎರಡು ಸ್ವೆಟರು, ಅರ್ತಪ್ಪನ ಕುತ್ತಿಗೆಗೆ ತಂಡದ ಬಣ್ಣದ ಒಂದು ಉಣ್ಣೆಯ ಪಟ್ಟಿ. ಬಿಸಿಲು ಬಿದ್ದಿತ್ತು. ಅದನ್ನು ಬಿಸಿಲು ಎಂದು ಅವರು ಹೇಳಿದರು. ಜನ ಅಂಗಿಯ ಗುಂಡಿ ಬಿಚ್ಚಿ ಮುಖ ಮೇಲೆತ್ತಿ ಕೂತಿದ್ದರು. ಮೇ ತಿಂಗಳಲ್ಲಿ ಅವರನ್ನು ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದ ಮೇಲೆ ಅರ್ಧ ಗಂಟೆ ಕೂರಿಸಬೇಕು, ಜನ್ಮಕ್ಕೆ ಸಾಕಾಗುವಷ್ಟು ಆಗುತ್ತದೆ.

ಮೈದಾನ ನೋಡಿ ನನ್ನ ಹೊಟ್ಟೆ ಉರಿಯಿತು. ಅಷ್ಟು ಸಮ, ಅಷ್ಟು ಹಸಿರು, ನಾಲ್ಕೂ ಕಡೆ ನೀರಿನ ಪೈಪು, ಒಂದು ಕಾಳು ಬೆಳೆಯುವುದಿಲ್ಲ.

"ಎರಡು ಬೆಳಿ ತೆಗೀಬಹುದಿತ್ತು," ಎಂದೆ.

"ಹೇಳ್ಲಾ ಇದನ್ನ ಅವನಿಗೆ?" ಎಂದಳು ರೇಣುಕಾ.

"ಬ್ಯಾಡ. ಮೊದಲ ದುಃಖದಾಗ ಅದಾನ."

ಆಟ ಶುರುವಾಯಿತು. ಹಿಂದಕ್ಕೆ ನಡೆಯುತ್ತ ಕೆಲಸ ಮುಗಿಸುವುದು ನೆಲ್ಲು ಹಚ್ಚುವವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ಅರ್ತಪ್ಪನ ತಂಡವೂ ಹಾಗೇ ಆಡಿತು. ಎದುರಿನವರು ಬಂದಷ್ಟೂ ಇವರು ಹಿಂದೆ ಸರಿದರು. ಸುತ್ತಲಿನ ಮುದುಕರೆಲ್ಲ ಎದ್ದು ನಿಂತು ಬೈಯುತ್ತಿದ್ದರು. ಬೈಗುಳದ ಅರ್ಥ ಕೇಳಿದರೆ ರೇಣುಕಾ ಹೇಳಲಿಲ್ಲ. "ನಮ್ಮ ಕಡಿ ಇದಕ್ಕ ಮಾತಿಲ್ಲ ಬೇ," ಎಂದಳು. ಸಿರುಗುಪ್ಪದ ಗದ್ದೆ ಬದುವಿನಲ್ಲಿ ಮೂವತ್ತಾರು ವರ್ಷ ನಿಂತವಳಿಗೆ ಹಾಗೆ ಹೇಳುತ್ತಾಳೆ!

ಎರಡೂ ಕಡೆ ಒಂದೊಂದು ಗೋಲು. ಮುಗಿಯಲು ಎರಡು ನಿಮಿಷವಿತ್ತು. ಆಗ ಎದುರಿನವರ ತಪ್ಪಿಗೆ ಇವರಿಗೆ ಒಂದು ಪುಕ್ಕಟೆ ಹೊಡೆತ ಸಿಕ್ಕಿತು. ಗೋಲು ಕಾಯುವವನೊಬ್ಬನೇ ಎದುರು, ಹನ್ನೆರಡು ಹೆಜ್ಜೆ ದೂರ. ಚೆಂಡು ಇಟ್ಟುಕೊಂಡವನು ಹಳದಿ ಬೂಟು.

ಅರ್ತಪ್ಪ ಕಣ್ಣು ಮುಚ್ಚಿಕೊಂಡ. ನಾನು ಹುಲಿಗಿಯ ಅಮ್ಮನನ್ನು ನೆನೆದೆ, ಗೋಲಿಗಾಗಿ ಅಲ್ಲ, ಮಹಡಿಯ ಕೋಣೆಗಾಗಿ. ಹಳದಿ ಬೂಟು ಓಡಿ ಬಂದು ಒದ್ದ. ಚೆಂಡು ಗೋಲಿನ ಮೇಲೆ ಹಾರಿ, ಜನರ ಮೇಲೆ ಹಾರಿ, ಚಹಾ ಮಾರುವ ಗಾಡಿಯ ತಗಡಿಗೆ ಬಡಿಯಿತು. ಆ ಸದ್ದು ಊರಿಗೆಲ್ಲ ಕೇಳಿರಬೇಕು. ಯಾಕೆಂದರೆ ಬೇರೆ ಯಾವ ಸದ್ದೂ ಇರಲಿಲ್ಲ.

ತಂಡ ಇಳಿಯಿತು. ಆಶ್ಚರ್ಯ ಅಂದರೆ ಅಷ್ಟು ಬೈದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅರ್ತಪ್ಪ ತಟ್ಟಲಿಲ್ಲ. ಕುತ್ತಿಗೆಯ ಪಟ್ಟಿ ತೆಗೆದು ಮಡಚಿ ಜೇಬಿಗೆ ತುರುಕಿಕೊಂಡ. ಮನೆಗೆ ಬಂದು ತಂಗಿಗೆ ಫೋನು ಮಾಡಿದ. ರೇಣುಕಾ ಮಹಡಿ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಳು.

"ಮನಿ ನೋಡಾಕ ಮಂದಿನ್ನ ಕರಸ್ತಾನಂತ," ಎಂದಳು. ಮುಖ ಸಪ್ಪಗಿತ್ತು. ನಾನು ಅಂಗಡಿಯಿಂದ ತಂದ ಮಂಡಕ್ಕಿಗೆ ಒಗ್ಗರಣೆ ಹಾಕಿ ಇಬ್ಬರಿಗೂ ಕೊಟ್ಟೆ. ಅಳುವಾಗ ಬಾಯಲ್ಲಿ ಏನಾದರೂ ಇದ್ದರೆ ಅಳು ಬೇಗ ಮುಗಿಯುತ್ತದೆ.

ಭಾನುವಾರ, ಚಹಾ

ಗೆಲ್ಲಲಿ, ಸೋಲಲಿ, ಕೊನೆಯ ಆಟದ ಮರುದಿನ ಆಟಗಾರರು ಊರವರ ಜತೆ ಮೈದಾನದ ಹಾಲಿನಲ್ಲಿ ಚಹಾ ಕುಡಿಯಬೇಕು. ಅದು ಅವರ ಪದ್ಧತಿ. ಸೀಟಿನ ಕಾಗದ ಕೊಡುವುದಕ್ಕೂ ಅದೇ ಕಡೆಯ ದಿನ. ಅರ್ತಪ್ಪ ಸಹಿ ಇಲ್ಲದ ಕಾಗದವನ್ನು ಅವರ ಮುಖಕ್ಕೆ ಕೊಟ್ಟು ಬರುತ್ತೇನೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ಮಹಡಿಯ ಕೋಣೆ ಕೈತಪ್ಪುವ ಜಾಗವನ್ನು ಕಣ್ಣಾರೆ ನೋಡೋಣವೆಂದು ನಾವೂ ಹೋದೆವು.

ಹಾಲಿನ ಮೆಟ್ಟಿಲು ಹತ್ತುವಾಗ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಬಳ್ಳಾರಿಯ ಗಾಂಧಿನಗರದಲ್ಲಿ ಕೊಂಡ ಹೊಸ ಚಪ್ಪಲಿ. ರೇಣುಕಾ ಊರುಗೋಲಿನವಳು, ಬಗ್ಗಲಾರಳು. ನಾನು ಸೊಂಟದವಳು, ಬಗ್ಗಲಾರೆ. ಇಬ್ಬರೂ ಚಪ್ಪಲಿಯನ್ನು ನೋಡುತ್ತ ನಿಂತೆವು.

ಕೋಟು ಹಾಕಿದ ಉದ್ದನೆಯ ಗಂಡಸೊಬ್ಬ ಬಂದ. ಏನೂ ಕೇಳದೆ ಮೊಣಕಾಲೂರಿ ಕೂತ. ಜೇಬಿನಿಂದ ಬಿಳಿ ಅಂಟುಪಟ್ಟಿ ತೆಗೆದ, ಕಾಲು ಉಳುಕಿದರೆ ಸುತ್ತುತ್ತಾರಲ್ಲ, ಅದು. ಉಂಗುಷ್ಟಕ್ಕೆ ನಾಲ್ಕು ಸುತ್ತು ಸುತ್ತಿ, ಚಪ್ಪಲಿಯನ್ನು ನನ್ನ ಕಾಲಿಗೆ ತೊಡಿಸಿದ. ಸ್ವಂತ ಅಳಿಯ ಇಷ್ಟು ಮಾಡಿಲ್ಲ.

ಬರಿಗೈಯಲ್ಲಿ ಕಳಿಸಬಾರದು. ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಎರಡು ಅಡಿಕೆ ಇಟ್ಟು ಚಾಚಿದೆ. ಬಲಗೈಯಲ್ಲಿ ತೆಗೆದುಕೊಂಡ. ಅಡಿಕೆಯನ್ನು ಜೇಬಿಗೆ ಹಾಕಿ ಎಲೆಯನ್ನು ಬಾಯಿಗೆ ತುರುಕಿದ. ಸುಣ್ಣ ಸುಟ್ಟಿತು. ಕಣ್ಣಲ್ಲಿ ನೀರು ಬಂತು, ಆದರೂ ಉಗುಳಲಿಲ್ಲ. ಮರ್ಯಾದಸ್ಥ ಅಂದುಕೊಂಡೆ.

ಹಿಂದಿನಿಂದ ಒಂದು ಕೂಗು ಕೇಳಿತು. ಅರ್ತಪ್ಪ ಬಾಗಿಲಲ್ಲಿ ನಿಂತಿದ್ದ. ಮುಖ ಬ್ಯಾಡಗಿ ಮೆಣಸಿನಕಾಯಿ.

"ಅಜ್ಜೀ!" ಎಂದಳು ರೇಣುಕಾ. "ಅಂವ ಹಳದಿ ಬೂಟ್ ಬೇ!"

"ಎಲ್ಲಿ ಐತಿ ಬೂಟು?"

"ಚಹಾಕ್ಕ ಯಾರ ಆ ಬೂಟ್ ಹಾಕ್ಕಂಡು ಬರ್ತಾರ!"

ಬೂಟು ನೋಡಿ ಗುರುತು ಇಟ್ಟುಕೊಂಡರೆ ಹೀಗೇ ಆಗುತ್ತದೆ. ಅರ್ತಪ್ಪ ಕೈ ಬೀಸುತ್ತ ಹತ್ತಿರ ಬಂದು ಏನೇನೋ ಕೂಗಿದ.

"ಏನಂತಾನ?"

"ಇಡೀ ಟೀಮ್‌ನಾಗ ನಿನಗ ಈ ದರಿದ್ರದವನ ಸಿಕ್ನಾ ಅಂತಾನ. ಎಲಿ ಕೊಟ್ಟು ಮುಂದಿನ ವರ್ಷಕ್ಕ ಹಿಡದಿಯಲ್ಲ, ಇನ್ನ ತಿರುಗಿ ತಗಳ್ಳಾಕೂ ಬರಲ್ಲ ಅಂತಾನ."

"ಹುಚ್ಚನೇನು ಅವ! ನಾ ಚಪ್ಪಲಿ ಸಂಬಂಧ ಕೊಟ್ಟಿದ್ದು. ಮೇಸ್ತ್ರಿಕಿ ಎಲಿ ಬ್ಯಾರೆ, ಮರ್ಯಾದಿ ಎಲಿ ಬ್ಯಾರೆ ಅಂತ ಹೇಳು."

ರೇಣುಕಾ ಬಾಯಿ ತೆರೆದಳು. ಅಷ್ಟರಲ್ಲಿ ಅರ್ತಪ್ಪ ಇನ್ನೂ ಏನೋ ಅನ್ನುತ್ತ ಕೋಟಿನ ಒಳಜೇಬಿಗೆ ಕೈ ಹಾಕಿದ. ಕಾಗದ ಹೊರಗೆ ಬಂತು. ಅದರ ಹಿಂದೆ ಪೆನ್ನು ಬಂತು.

"ತಡಿ," ಎಂದೆ. "ಹೇಳಬ್ಯಾಡ. ಈಗೇನಂದ?"

"ಇಂವ ಇನ್ನೊಂದ ವರ್ಷ ಇಲ್ಲೇ ಇರ್ತಾನಂದ್ರ ಇವನಿಗೆ ಗೋಲ್ ಎಲ್ಲೈತಿ ಅಂತ ತೋರ್ಸೋರು ಯಾರು ಅಂತ. ಉಳಿದೋರೆಲ್ಲ ಮೆತ್ತಗಿನ ಮಂದಿ, ಸೋತ್ರೂ ಚಪ್ಪಾಳಿ ಹೊಡೀತಾರ ಅಂತ."

ಅರ್ತಪ್ಪ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದ. ಪೆನ್ನು ಕಾಗದದಲ್ಲಿ ತೂತು ಮಾಡಿತು. ಒಳಗೆ ಹೋಗಿ ಕೊಟ್ಟುಬಂದ. ನಾನು ರೇಣುಕಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಮೇಸ್ತ್ರಿಕೆ ಎಲೆ, ಮರ್ಯಾದೆ ಎಲೆ ಎಂಬ ಭೇದವನ್ನು ಇಂಗ್ಲೆಂಡಿನವರಿಗೆ ಇಂದಿನ ತನಕ ನಾವಿಬ್ಬರೂ ಹೇಳಿಲ್ಲ.

ಆ ಉದ್ದನೆಯವನಿಗೆ ಮಾತ್ರ ರೇಣುಕಾ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಅವನು ಸುಣ್ಣದ ಕಣ್ಣೀರು ಒರೆಸುತ್ತ ನಕ್ಕ. ತಂಡದ ಜತೆ ಅವನ ಒಪ್ಪಂದ ಜೂನ್ ಕೊನೆಗೆ ಮುಗಿಯುತ್ತಿತ್ತಂತೆ. ಹಿಂದಿನ ದಿನದಿಂದ ಅವನ ಜತೆ ನೆಟ್ಟಗೆ ಮಾತಾಡಿದವರೇ ಇರಲಿಲ್ಲವಂತೆ.

ಜೂನ್ ತಿಂಗಳು, ಹೊರಡುವ ದಿನಗಳು

ತಂಡದವರು ಯಾರನ್ನು ಇಟ್ಟುಕೊಂಡೆವು, ಯಾರನ್ನು ಬಿಟ್ಟೆವು ಎಂಬ ಪಟ್ಟಿ ಹೊರಬಿಟ್ಟರು. ಏಳು ಮಂದಿಗೆ ದಾರಿ ತೋರಿಸಿದ್ದರು. ಹಳದಿ ಬೂಟು ಉಳಿದಿದ್ದ. ಕೆಳದರ್ಜೆಗೆ ಬೇರೆ ಯಾರೂ ಬರಲು ಒಪ್ಪಲಿಲ್ಲ, ಅದಕ್ಕೆ ಉಳಿಸಿಕೊಂಡರು ಎಂದು ರೇಣುಕಾ ಹೇಳುತ್ತಾಳೆ. ಅರ್ತಪ್ಪ ಅದನ್ನು ಒಪ್ಪುವುದಿಲ್ಲ. ಎಲ್ಲ ಆ ಎಲೆಯದೇ ಕೆಲಸ ಎಂದು ಬೀದಿಯಲ್ಲಿ ಸಾರಿದ.

ಆಮೇಲೆ ಮುದುಕರು ಒಬ್ಬೊಬ್ಬರಾಗಿ ಅಡುಗೆಮನೆಗೆ ಬರತೊಡಗಿದರು. ಕೈಯಲ್ಲಿ ಚೀಟಿ. ಇಂಥ ಊರಿನ ಎಡಗಾಲಿನವನಿಗೆ ಒಂದು ಎಲೆ ಕೊಡಲಾದೀತೇ? ಒಬ್ಬನಂತೂ ದೊಡ್ಡ ಪಟ್ಟಣದ ತಂಡದವನ ಹೆಸರು ಬರೆದು ತಂದಿದ್ದ, ಟಿವಿಯಲ್ಲಿ ಬರುವಂಥವನು. "ಅವ್ನಿಗೆ ಒಂದ ಎಲಿ ಸಾಲಲ್ಲ, ಕಟ್ಟು ಕಳಸಬೇಕು ಅನ್ನು," ಎಂದೆ. ಅವನು ಕಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದ. ಹೈದರಾಬಾದಿನವನ ಅಂಗಡಿಗೆ ಆ ವಾರ ಒಳ್ಳೆಯ ವ್ಯಾಪಾರ.

ರೇಣುಕಾ ಊರುಗೋಲು ಬಿಟ್ಟಳು. ಹೊರಡುವ ದಿನ ಅರ್ತಪ್ಪ ಆ ಇಕ್ಕಳವನ್ನು ನನ್ನ ಚೀಲದಲ್ಲಿ ಹಾಕಿದ. ವಿಮಾನ ನಿಲ್ದಾಣದಲ್ಲಿ ಅದನ್ನೂ ಕಿತ್ತುಕೊಂಡರು.

ಸಿರುಗುಪ್ಪ

ಆಗಸ್ಟಿನಲ್ಲಿ ಕಾಲುವೆಗೆ ನೀರು ಬಂತು. ಸುಮ್ಮನೆ ನೋಡಿಬರೋಣವೆಂದು ಸಿರುಗುಪ್ಪಕ್ಕೆ ಹೋದೆ. ನನ್ನ ಹಳೆಯ ಗುಂಪು ಗದ್ದೆಯಲ್ಲಿತ್ತು. ಇಳಿಹೊತ್ತು, ಕೆಲಸ ಮುಗಿಸಿ ಕಾಲು ತೊಳೆಯುತ್ತಿದ್ದರು. ತಿಪ್ಪಮ್ಮ ಬಂದು ಬದುವಿನ ಮೇಲೆ ನನ್ನ ಪಕ್ಕ ಕೂತಳು. ಈ ತಿಪ್ಪಮ್ಮ ಮೂವತ್ತು ವರ್ಷ ನನ್ನ ಗುಂಪಿನಲ್ಲಿ ಎಲ್ಲರಿಗಿಂತ ಸೊಟ್ಟ ನೆಟ್ಟವಳು. ಯಾವ ವರ್ಷವೂ ಅವಳಿಗೆ ಎಲೆ ತಪ್ಪಿಸಿರಲಿಲ್ಲ. ಯಾಕೆ ಎಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಆಗ ರೇಣುಕಾಳ ವಿಡಿಯೋ ಕಾಲ್ ಬಂತು. ಅಲ್ಲಿ ಮಧ್ಯಾಹ್ನ, ಫುಟ್‌ಬಾಲಿನ ಹೊಸ ವರ್ಷದ ಮೊದಲ ಆಟ. ಪರದೆಯ ತುಂಬ ಅರ್ತಪ್ಪನ ಮುಖ. ಕುತ್ತಿಗೆಗೆ ಪಟ್ಟಿ ಬಂದಿತ್ತು. ಬಾಯಿ ಪೂರ್ತಿ ತೆರೆದು ಕೂಗುತ್ತಿದ್ದ.

"ಏನಾತು?" ಎಂದೆ.

"ಹಳದಿ ಬೂಟ್ ಮತ್ತ ತಪ್ಪಿಸಿದ," ರೇಣುಕಾ ಹಿಂದಿನಿಂದ ಕೂಗಿದಳು. "ಖಾಲಿ ಗೋಲ್ ಇತ್ತು ಅಜ್ಜಿ! ನಿನ್ನ ಎಲಿ ವಾಪಸ್ ತಗಾ ಅಂತಾನ!"

"ಕೊಟ್ಟ ಎಲಿ ತಿರುಗಿ ತಗಳ್ಳೋ ಪದ್ಧತಿ ನಮ್ಮಲ್ಲಿಲ್ಲ ಅನ್ನು."

ಅವನು ಇನ್ನೂ ಜೋರಾಗಿ ಕೂಗಿ, ಆಟ ನೋಡಲು ತಿರುಗಿಕೊಂಡ. ಫೋನು ಕಟ್ಟಾಯಿತು.

"ಯಾರಬೇ ಆ ಕೆಂಪು ಮಾರಿ ಮುದುಕ?" ತಿಪ್ಪಮ್ಮ ಕೇಳಿದಳು. "ಯಾಕ ಹಂಗ ಒದರಾಕತ್ತಿದ್ದ?"

ಎಲ್ಲ ಹೇಳಿದೆ. ಗೋಡೆಯ ಕಾಗದ, ಚಪ್ಪಲಿ, ಎಲೆ, ಸಹಿ. "ಅವ ನಿನ್ನಂಗ ನೋಡು. ಏನ ಮಾಡಿದ್ರೂ ಸೊಟ್ಟ," ಎಂದೂ ಸೇರಿಸಿದೆ. ತಿಪ್ಪಮ್ಮ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತ ಅಂದಳು:

"ನೀನೂ ಹಂಗ ಒದರ್ತಿದ್ದೆಲ್ಲ, ಮೂವತ್ತು ವರ್ಷ. ನನಗೇನು ಬ್ಯಾರೆ ಮೇಸ್ತ್ರಿ ಸಿಗ್ತಿದ್ದಿಲ್ಲೇನು? ನಾ ಹ್ವಾದ್ರ ಈ ಹುಲಿಗೆಮ್ಮ ಯಾರನ್ನ ಬೈಬೇಕು, ಮನ್ಯಾಗ ಕುಂತುಬಿಡ್ತಾಳ ಅಂತ ಬರ್ತಿದ್ದೆ."

ನಾನು ಸಂಚಿ ಬಿಚ್ಚಿ ಒಂದು ಎಲೆ, ಎರಡು ಅಡಿಕೆ ತೆಗೆದೆ. ತಿಪ್ಪಮ್ಮ ಬಲಗೈ ಚಾಚಿ, ಅರ್ಧಕ್ಕೆ ನಿಲ್ಲಿಸಿದಳು.

"ಇದು ಮರ್ಯಾದಿ ಎಲಿನಾ, ಮೇಸ್ತ್ರಿಕಿ ಎಲಿನಾ? ಮೇಸ್ತ್ರಿಕಿ ಬಿಟ್ಟು ಎರಡು ವರ್ಷ ಆತು ನೀನು."

"ಬಾಯಿ ಮುಚ್ಚಿ ತಗಾ," ಎಂದೆ. "ಮೊದ್ಲು ಆ ಕಡೀ ಸಾಲು ನೋಡು. ನೀನ ಹಚ್ಚಿದ್ದಲ್ಲೇನು ಅದು? ಹಾವು ಹೋದಂಗ ಐತಿ."